ಎರಡನೆಯ ಹಾಳೆ

ಬೈಶಾ
6 ನವೆಂಬರ್ 2011

ಬೊಯಾನ್ ಅಣ್ಣಾ,

ಹನ್ನೆರಡು ಇಂಚು ಎತ್ತರ, ಇಪ್ಪತ್ತು ಇಂಚು ಉದ್ದದ ಫಿಲ್ಮ್ ಹಿಡಿಸುವ ಮರದ ಕ್ಯಾಮೆರಾ ಒಂದು ನನಗೆ ಬೇಕು. ಏಪ್ರಿಲ್ ಒಳಗೆ ಬೇಕು. ಓದಿ ನಗುತ್ತೀಯೆಂದು ಗೊತ್ತು. ನಕ್ಕು ಮುಗಿಸಿ ಮುಂದಕ್ಕೆ ಓದು.

ಫೋನ್ ಮಾಡಬಹುದಿತ್ತು. ಆದರೆ ಕ್ಯಾಮೆರಾಗಳಿಗೆ ಮರ ಕೊಯ್ಯುವ ಗರಗಸದ ಯಂತ್ರದ ಪಕ್ಕ ನಿಂತೂ ನಿಂತೂ ನಿನ್ನ ಕಿವಿ ಹೋಗಿದೆ. ಹೋದ ಸಲ ನಾನು ಲೆನ್ಸ್ ಎಂದರೆ ನೀನು ಲಾರಿ ಎಂದುಕೊಂಡು ಲಾರಿ ಯಾವ ಊರಿನಿಂದ ಹೊರಡುತ್ತದೆ ಎಂದು ವಿವರಿಸಿದೆ. ಅದಕ್ಕೇ ಕಾಗದ.

ನಮ್ಮ ಮುಚ್ಚಿದ ಹತ್ತಿ ಗಿರಣಿಯನ್ನು ಮ್ಯೂಸಿಯಂ ಮಾಡುತ್ತಿದ್ದಾರೆ. ಮೇ ಒಂದಕ್ಕೆ ಉದ್ಘಾಟನೆ. ಬಾಗಿಲಿಗೆ ಎದುರಾಗಿರುವ ಗೋಡೆಯ ಮೇಲೆ 1981ರ ಗುಂಪು ಚಿತ್ರ ತೂಗುಹಾಕಿದ್ದಾರೆ, ಗಿರಣಿಗೆ ಮೂವತ್ತು ತುಂಬಿದಾಗ ತೆಗೆದದ್ದು. ಅದರಲ್ಲಿ ಅಧಿಕಾರಿಗಳಿದ್ದಾರೆ, ಯಂತ್ರ ರಿಪೇರಿಯವರಿದ್ದಾರೆ, ಗೇಟಿನ ಕಾವಲುಗಾರ ಇದ್ದಾನೆ, ಅವನ ನಾಯಿಯೂ ಇದೆ. ನೂಲು ತೆಗೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ಇಲ್ಲ.

ರಾತ್ರಿ ಪಾಳಿಯ ಮೇಸ್ತ್ರಿಯಾಗಿದ್ದ ಫೆಂಗ್ ದೊಡ್ಡಮ್ಮನನ್ನು ನೀನು ಮರೆತಿರಲಾರೆ. ಅವಳು ಹೋಗಿ ಮ್ಯೂಸಿಯಂ ಮುಖ್ಯಸ್ಥ ಗಾವ್‌ನನ್ನು ಕೇಳಿದಳು: "ನಮ್ದೂ ಒಂದು ಫೋಟೋ ಹಾಕಪ್ಪಾ." ಅವನು ನಕ್ಕನಂತೆ. "ಅಜ್ಜೀ, ಈ ಗೋಡೆ ಮೇಲಿರೋದೆಲ್ಲ ಅಸಲಿ. ಫಿಲ್ಮ್ ಎಷ್ಟು ದೊಡ್ಡದೋ ಫೋಟೋನೂ ಅಷ್ಟೇ ದೊಡ್ಡದು. ಮೊಬೈಲಲ್ಲಿ ತೆಗೆದು ಹಿಗ್ಗಿಸಿದ್ದನ್ನೆಲ್ಲ ಇಲ್ಲಿ ತೂಗುಹಾಕಲ್ಲ. ಅಸಲಿ ಒಂದು ತನ್ನಿ, ಇದರ ಪಕ್ಕದಲ್ಲೇ ಹಾಕ್ತೀನಿ." ಎಲ್ಲಿಂದ ತಂದಾರು ಎಂಬ ಧೈರ್ಯ ಅವನಿಗೆ. ಪಾಪ, ಪತ್ರಿಕೆಯವನೊಬ್ಬ ಅಲ್ಲೇ ಇದ್ದ. ಮರುದಿನ ಮಾತು ಅಚ್ಚಾಗಿ ಬಂತು. ಈಗ ನುಂಗುವಂತಿಲ್ಲ.

ತರುತ್ತೇವೆ ಎಂದು ನಾನು ಹೇಳಿಬಿಟ್ಟಿದ್ದೇನೆ. ಯಾವ ಕ್ಯಾಮೆರಾ, ಯಾವ ಲೆನ್ಸ್, ಯಾವ ಫಿಲ್ಮ್, ನೀನು ಹೇಳು.

ನಿನ್ನ ತಂಗಿ,
ಸುವೆನ್


ಕುನ್‌ಮಿಂಗ್
15 ನವೆಂಬರ್ 2011

ಸುವೆನ್,

ನಕ್ಕೆ. ಮುಗಿಯಿತು. ಈಗ ಬರೆಯುತ್ತಿದ್ದೇನೆ.

ಜೀವಮಾನವೆಲ್ಲ ಪಾಸ್‌ಪೋರ್ಟ್ ಅಳತೆಗೆ ತಲೆಗಳನ್ನು ಕತ್ತರಿಸಿಕೊಂಡು ಕೂತವಳಿಗೆ ಒಮ್ಮೆಲೇ ಕಿಟಕಿಯಷ್ಟು ದೊಡ್ಡ ಫಿಲ್ಮಿನ ಮೇಲೆ ಮನಸ್ಸಾಗಿದೆ. ಶಾಂಘೈಯಲ್ಲಿ ಬರುವ ವರ್ಷ ದೊಡ್ಡ ಫಿಲ್ಮಿನವರ ಪ್ರದರ್ಶನ ಇದೆಯೆಂದು ನನಗೂ ಗೊತ್ತಮ್ಮ. ಅದಕ್ಕೆ ಕಣ್ಣಿಟ್ಟಿದ್ದೀ, ಮುದುಕಿಯರು ನೆಪ. ಹೆಸರು ಮಾಡುವ ಆಸೆ ತಪ್ಪಲ್ಲ. ಗುರುಗಳ ಫೋಟೋ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ ಒಂದೇ ಬಟ್ಟಲಿನಲ್ಲಿ ಸೇವಿಗೆ ತಿಂದವರು ನಾವು. ನನ್ನ ಹತ್ತಿರ ನೆಪ ಬೇಡ.

ಈ ಹುಚ್ಚು ಹತ್ತಿದವರೆಲ್ಲ ಮೊದಲು ಕ್ಯಾಮೆರಾ ಕೇಳುತ್ತಾರೆ. ಕ್ಯಾಮೆರಾದಲ್ಲಿ ಏನಿದೆ? ಮುಂದೊಂದು ಚೌಕಟ್ಟು, ಹಿಂದೊಂದು ಚೌಕಟ್ಟು, ನಡುವೆ ತಿದಿ. ಕೇಳಬೇಕಾದದ್ದು ಹೋಲ್ಡರ್. ಫಿಲ್ಮ್ ಇಡುವ ಆ ಚಪ್ಪಟೆ ಪೆಟ್ಟಿಗೆ ಕೂದಲೆಳೆಯಷ್ಟು ಹಿಂದೆ ಮುಂದೆ ಕೂತರೂ ಮುಖಗಳೆಲ್ಲ ಮಸುಕು. ಆಮೇಲೆ ಲೆನ್ಸ್. ಅದರ ಬೆಳಕಿನ ವೃತ್ತ ಹಾಳೆಯ ನಾಲ್ಕೂ ಮೂಲೆ ಮುಟ್ಟಬೇಕು, ಇಲ್ಲದಿದ್ದರೆ ತುದಿಯಲ್ಲಿ ನಿಂತವರು ಕತ್ತಲೆಗೆ ಹೋಗುತ್ತಾರೆ. ಇನ್ನೊಂದು: ಹೋಲ್ಡರಿನ ಎರಡು ಬದಿಗೆ ಎರಡು ಹಾಳೆ ಹಿಡಿಸುತ್ತವೆ. ಎರಡೂ ಬದಿ ತುಂಬದೆ ಹೊಸ್ತಿಲು ದಾಟಬೇಡ. ಖಾಲಿ ಹೋಲ್ಡರ್ ಹೊತ್ತು ಹೋಗುವವನಿಗೆ ಗುರುಗಳು ಏನೆನ್ನುತ್ತಿದ್ದರೆಂದು ನೆನಪು ಮಾಡಿಕೋ. ಕಾಗದದಲ್ಲಿ ಬರೆಯುವ ಮಾತಲ್ಲ ಅದು.

ಫಿಲ್ಮ್ ಎಲ್ಲಿಂದ ತರುತ್ತೀ? ಈ ಅಳತೆಗೆ ಕತ್ತರಿಸಿಕೊಡುವ ವಿದೇಶದ ಕಾರ್ಖಾನೆ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಮಾತ್ರ, ಬೇಡಿಕೆ ತೆಗೆದುಕೊಳ್ಳುತ್ತದೆ. ಈ ವರ್ಷದ್ದು ಮುಗಿದಿದೆ. ಮುಂದಿನದಕ್ಕೆ ಕಾದರೆ ನಿನ್ನ ಮೇ ತಿಂಗಳು ದಾಟಿರುತ್ತದೆ.

ನನ್ನ ಮಾತು ಕೇಳು. ಡಿಜಿಟಲ್‌ನಲ್ಲಿ ತೆಗೆದು, ದೊಡ್ಡದು ಮಾಡಿ, ಚೌಕಟ್ಟು ಹಾಕಿ ದೊಡ್ಡಮ್ಮನ ಮನೆಗೇ ಕೊಡು. ನಿನ್ನ ಭುಜವೂ ಮೊದಲಿನಂತಿಲ್ಲ.

ಬೊಯಾನ್


ಬೈಶಾ
24 ನವೆಂಬರ್ 2011

ಅಣ್ಣಾ,

ಭುಜದ ಮಾತು ಬೇಡ. ಭುಜ ನನ್ನದು. ಶಾಂಘೈಯ ಪ್ರದರ್ಶನವನ್ನು ನೀನೇ ಇಟ್ಟುಕೋ.

1981ರಲ್ಲಿ ನೂಲಿನ ಹೆಂಗಸರ ಫೋಟೋ ತೆಗೆಯಲಿಲ್ಲ ಎಂದು ನೀನು ತಿಳಿದಿದ್ದೀಯೇನೋ. ತೆಗೆದರು. ಅದೇ ದಿನ, ಅದೇ ಗೇಟಿನ ಮುಂದೆ, ಅದೇ ಬೆಂಚುಗಳ ಮೇಲೆ. "ಗಂಡಸರದು ಮೊದಲು, ನಿಮ್ದು ಎರಡನೇದು" ಎಂದರು. ಇವರು ರಾತ್ರಿಯೆಲ್ಲ ಯಂತ್ರದ ಮುಂದೆ ನಿಂತು ಬಂದವರು. ಕೂದಲಿನಲ್ಲಿದ್ದ ಹತ್ತಿಯ ಎಳೆಗಳನ್ನು ಒಬ್ಬರಿಗೊಬ್ಬರು ತೆಗೆದುಕೊಂಡು, ಎದೆಗೆ ಕೆಂಪು ಬಟ್ಟೆಯ ಹೂ ಸಿಕ್ಕಿಸಿಕೊಂಡು ಸಾಲಾಗಿ ನಿಂತರು. ನಗರದಿಂದ ಬಂದ ಫೋಟೋದವನು ಲೆನ್ಸಿನ ಮುಚ್ಚಳ ತೆಗೆದ, ಹಾಕಿದ. ಕೆಲಸ ಮುಗಿಸಿ, ಹೋಲ್ಡರಿನ ಬೆಳಕು ತಡೆಯುವ ಎರಡೂ ತಗಡು ಎಳೆದು, ಬಿಸಿಲಿಗೆ ಬಾಯಿ ತೆರೆದೇ ಇಟ್ಟು ಸಿಗರೇಟು ಹಚ್ಚಿದ. ಒಳಗೆ ಕಪ್ಪು ಹಲಗೆ ಬಿಟ್ಟರೆ ಏನೂ ಇರಲಿಲ್ಲ. ಫೆಂಗ್ ದೊಡ್ಡಮ್ಮ ಅದನ್ನು ನೋಡಿದ್ದಳು. ಏನೆಂದು ಅವಳಿಗೆ ಆಗ ಗೊತ್ತಾಗಲಿಲ್ಲ. ನಾನು ಈ ಕಸುಬು ಕಲಿತಮೇಲೆ ಒಂದು ದಿನ ನನ್ನ ಕೈಯಲ್ಲಿ ಹೋಲ್ಡರ್ ನೋಡಿ ಕೇಳಿದಳು, "ಇದ್ರೊಳಗೆ ಏನಾದ್ರೂ ಇರಬೇಕಲ್ವೇನೇ?"

ನಿನಗೆ ಹೇಳದೆ ಉಳಿಸಿದ್ದು ಒಂದಿದೆ. ನನ್ನ ಅಮ್ಮ ಎರಡನೆಯ ಸಾಲಿನಲ್ಲಿದ್ದಳು. ಆ ವರ್ಷವೆಲ್ಲ ನನ್ನ ಕೈ ಹಿಡಿದುಕೊಂಡು ಆಫೀಸಿನ ಕಿಟಕಿಗೆ ಹೋಗಿ ಹೋಗಿ ಕೇಳುತ್ತಿದ್ದಳು, "ನಮ್ಮ ಫೋಟೋ ಬಂತಾ ಸಾರ್?" ಒಳಗಿನಿಂದ ಒಂದೇ ಉತ್ತರ: "ಫಿಲ್ಮ್ ಹಾಳಾಯ್ತು ಕಣಮ್ಮ." ತನ್ನ ಮುಖವೇ ಚೆನ್ನಾಗಿಲ್ಲದೆ ಹಾಳಾಯಿತೇನೋ ಎಂದು ನಗುತ್ತಿದ್ದಳು. ಸಾಯುವವರೆಗೂ ಹಾಗೇ ನಂಬಿದ್ದಳು.

ಬದುಕಿರುವವರು ಕಡಿಮೆ, ಅವರಲ್ಲೂ ನಿಲ್ಲಬಲ್ಲವರು ಇನ್ನೂ ಕಡಿಮೆ. ಆದರೆ ಅದೇ ಗೇಟು ಇದೆ. ಅವರ ಮುಖ ಕಾವಲುಗಾರನ ಮುಖಕ್ಕಿಂತ ಒಂದು ಎಳ್ಳಿನಷ್ಟೂ ಚಿಕ್ಕದಾಗಿ ಇರಬಾರದು, ಅವನ ನಾಯಿಗಿಂತಂತೂ ಖಂಡಿತ ಅಲ್ಲ. ಕೊಡುವುದಾದರೆ ಕೊಡು. ಇಲ್ಲವೆಂದರೆ ಪೆಟ್ಟಿಗೆ ಮಾಡುವವರು ಬೇರೆಯವರೂ ಇದ್ದಾರೆ.

ಸುವೆನ್


ಕುನ್‌ಮಿಂಗ್
18 ಡಿಸೆಂಬರ್ 2011

ಸುವೆನ್,

ಕ್ಯಾಮೆರಾ ರೈಲಿಗೆ ಹಾಕಿದ್ದೇನೆ. ಹೊಸದಲ್ಲ. ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಹೋದದ್ದು, ಇಲ್ಲಿ ಜಾಗ ತಿನ್ನುತ್ತಾ ಕೂತಿತ್ತು. ಜೊತೆಗೆ ಅದಕ್ಕೇ ಕೂರುವ ಹೋಲ್ಡರ್ ಮೂರು. ಲೆನ್ಸ್ ಹಳೆಯ ಅಚ್ಚುಮನೆಯದು, ನಕ್ಷೆಗಳ ಪ್ರತಿ ತೆಗೆಯುತ್ತಿದ್ದದ್ದು. ಮೂಲೆ ಮುಟ್ಟುತ್ತದೆ, ಪರೀಕ್ಷಿಸಿದ್ದೇನೆ. ಭಾರದ ವಿಷಯ ನಾನು ಎತ್ತುವುದಿಲ್ಲ. ನೀನೇ ಎತ್ತು.

ಫಿಲ್ಮಿಗೆ ಒಂದು ದಾರಿ ಇದೆ. ಆಸ್ಪತ್ರೆಗಳು ಈಗ ಕಂಪ್ಯೂಟರಿಗೆ ಹೋಗುತ್ತಿವೆ, ಬೆನ್ನುಮೂಳೆಯ ಚಿತ್ರ ತೆಗೆಯುವ ಉದ್ದನೆಯ ಎಕ್ಸ್‌ರೇ ಫಿಲ್ಮ್ ಗೋದಾಮಿನಲ್ಲಿ ಉಳಿದಿರುತ್ತದೆ. ಕೇಳಿ ತಂದು ಅಳತೆಗೆ ಕತ್ತರಿಸಿಕೋ. ಎರಡೂ ಮೈಗೆ ಬೆಳಕು ಹಿಡಿಯುವ ಮದ್ದು ಬಳಿದಿರುತ್ತದೆ, ಉಗುರು ತಾಗಿದರೂ ಗೀರು. ಅದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ, ಆದ್ದರಿಂದ ಕೆಂಪು ದೀಪದಲ್ಲಿ ಆರಾಮವಾಗಿ ಕೆಲಸ ಮಾಡಬಹುದು. ಮುಖದ ಸುಕ್ಕು, ಕಲೆ ಎಲ್ಲ ಎದ್ದು ಕಾಣುತ್ತವೆ, ಮೊದಲೇ ಹೇಳಿಬಿಡು.

ನಿನ್ನ ಅಮ್ಮ ಹಬ್ಬಕ್ಕೆ ಕೊಡುತ್ತಿದ್ದ ಎಳ್ಳುಂಡೆಯ ರುಚಿ ನೆನಪಿದೆ.

ಬೊಯಾನ್


ಬೈಶಾ
12 ಜನವರಿ 2012

ಅಣ್ಣಾ,

ಕ್ಯಾಮೆರಾ ಬಂತು. ಇಂಥದ್ದನ್ನು ಬೇಡವೆಂದ ಗಿರಾಕಿ ಕುರುಡನೇ ಇರಬೇಕು. ಗೇಟಿನ ಮುಂದೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ಒಬ್ಬೊಬ್ಬರನ್ನೇ ತೂರಿಸಿ, ಹಿಂದಿನ ಗಾಜಿನಲ್ಲಿ ಹೇಗೆ ಕಾಣುತ್ತದೆಂದು ತೋರಿಸಿದೆ. "ಎಲ್ರೂ ತಲೆಕೆಳಗಾಗಿದ್ದಾರಲ್ಲೇ!" ಎಂದಳು ಒಬ್ಬಳು. "ಗಿರಣಿಯೋರು ನಮ್ಮನ್ನ ಹಂಗೇ ಅಲ್ವಾ ನೋಡಿದ್ದು" ಎಂದಳು ಫೆಂಗ್ ದೊಡ್ಡಮ್ಮ.

ಬೆನ್ನುಮೂಳೆಯ ಫಿಲ್ಮ್ ಜಿಲ್ಲಾ ಆಸ್ಪತ್ರೆಯ ಗೋದಾಮಿನಲ್ಲಿ ಸಿಕ್ಕಿತು. ಅದನ್ನು ಕೇಳಿ ಇವರಿಗೆಲ್ಲ ಹಿಗ್ಗು. "ನಮ್ದು ಇನ್ನೂ ಇದೆ ಅಂತ ಸಾಕ್ಷಿ ಸಿಗುತ್ತೆ ಬಿಡು" ಎಂದು ಸೊಂಟ ಹಿಡಿದುಕೊಂಡು ನಗುತ್ತಾರೆ. ಸುಕ್ಕಿನ ಮಾತು ಹೇಳಿದೆ. ಬರಲಿ, ಪುಕ್ಕಟೆ ಬಂದದ್ದಲ್ಲ ಎಂದರು.

ಆದರೆ ಒಂದು ಎಡವಟ್ಟಾಗಿದೆ. ಮೊದಲ ಪರೀಕ್ಷೆಗೆ ದೊಡ್ಡಮ್ಮನನ್ನು ಕೂರಿಸಿದೆ. ಅಂದಿನ ಕೆಂಪು ಹೂವನ್ನು ಅವಳು ಸಕ್ಕರೆ ಡಬ್ಬದಲ್ಲಿ ಇಟ್ಟುಕೊಂಡಿದ್ದಾಳೆ, ಅದನ್ನೇ ಸಿಕ್ಕಿಸಿಕೊಂಡು ಬಂದಳು. ಫಿಲ್ಮ್ ತೊಳೆದು, ಅದನ್ನೇ ಕಾಗದದ ಮೇಲಿಟ್ಟು ಬೆಳಕು ಕೊಟ್ಟು ಚಿತ್ರ ತೆಗೆದೆ. ಮುಖ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಹುಬ್ಬಿನ ಕೂದಲು ಎಣಿಸಬಹುದಿತ್ತು. ಎದೆಯ ಮೇಲೆ ಮಾತ್ರ ಮಸಿಯಂಥ ಕಪ್ಪು ಹೂ.

"ಏನೇ ಇದು? ಸಾವಿನ ಮನೆಗೆ ಹೊರಟಂಗಿದ್ದೀನಲ್ಲ! ನಾನಿನ್ನೂ ಸತ್ತಿಲ್ಲ ಕಣೇ!"

ಫಿಲ್ಮಿಗೆ ಕೆಂಪು ಕಾಣದು ಎಂದು ನೀನು ಬರೆದಿದ್ದೆ. ನಾನು ದೀಪಕ್ಕೆ ಅನುಕೂಲವಾಯಿತು ಎಂದುಕೊಂಡೆನೇ ಹೊರತು ಹೂವಿನ ಕಡೆ ನನ್ನ ಬುದ್ಧಿ ಓಡಲಿಲ್ಲ. ಹೂವಿಲ್ಲದೆ ನಿಲ್ಲುವುದಿಲ್ಲವೆಂದು ಅವರ ಹಟ. ಕಪ್ಪು ಹೂವಿನಲ್ಲೂ ನಿಲ್ಲುವುದಿಲ್ಲ.

ಸುವೆನ್


ಕುನ್‌ಮಿಂಗ್
30 ಜನವರಿ 2012

ಸುವೆನ್,

ಹೂವಿನ ವಿಷಯ ನನಗೆ ಮೊದಲೇ ಬಿಡಿಸಿ ಹೇಳಬಾರದಿತ್ತೇ? ಎಕ್ಸ್‌ರೇ ಹೆಸರನ್ನೇ ಎತ್ತುತ್ತಿರಲಿಲ್ಲ. ಇರಲಿ, ಚಾಂದ್ರಮಾನದ ಹೊಸ ವರ್ಷ ಹುಟ್ಟಿ ವಾರವಷ್ಟೇ ಆಯಿತು, ಬೈಯುವುದಿಲ್ಲ.

ಈ ಕಾಗದದ ಜೊತೆ ಮುಚ್ಚಿದ ಡಬ್ಬ ಬರುತ್ತದೆ. ಅದರಲ್ಲಿ ಎಲ್ಲ ಬಣ್ಣವೂ ಕಾಣುವ ಒಳ್ಳೆಯ ಫಿಲ್ಮ್ ಇದೆ, ಇದೇ ಅಳತೆಗೆ ಕತ್ತರಿಸಿದ್ದು. ಅಡುಗೆಮನೆಯ ಫ್ರಿಜ್ಜಿನಲ್ಲಿ ಮೀನಿನ ಅಡಿ ಇಟ್ಟಿದ್ದೆ. ಎಲ್ಲಿಂದ, ಯಾಕೆ ಎಂದು ಕೇಳಬೇಡ. ಚಿತ್ರ ಕಪ್ಪುಬಿಳುಪೇ, ಆದರೆ ಇದರಲ್ಲಿ ಕೆಂಪು ಹೂ ಮಸಿಯಾಗದೆ ಕೆಂಪಿನ ಹಾಗೇ ಕಾಣುತ್ತದೆ. ಕೆಂಪು ದೀಪವೂ ಆಗದು, ಕಣ್ಣಿಗೆ ಕೈ ಕಾಣದ ಕತ್ತಲೆಯಲ್ಲಿ ಬೆರಳಿನಿಂದ ಮುಟ್ಟಿ ತುಂಬಬೇಕು. ನೀನು ಬಲ್ಲೆ. ತುಂಬು, ತೆಗೆ, ಗಾವ್‌ನ ಮೂಗಿನ ಮುಂದೆ ಹಿಡಿ.

ಬೊಯಾನ್


ಬೈಶಾ
20 ಫೆಬ್ರವರಿ 2012

ಅಣ್ಣಾ,

ಡಬ್ಬವನ್ನು ತೆರೆಯದೆ ವಾಪಸ್ ಕಳಿಸುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಮಾಡಿಕೊಳ್ಳುತ್ತೀ, ಆದರೂ ಓದು.

ಒಳ್ಳೆಯ ಫಿಲ್ಮ್ ಬಂದಿದೆ, ಹೂ ಕೆಂಪಾಗಿಯೇ ಕಾಣುತ್ತದೆ ಎಂದು ಎಲ್ಲರನ್ನೂ ಕೂರಿಸಿ ಹೇಳಿದೆ. ಕತ್ತಲೆಯಲ್ಲಿ ನಾನೊಬ್ಬಳೇ ಹೋಲ್ಡರಿಗೆ ತುಂಬಬೇಕು ಎಂದೆ. ದೊಡ್ಡಮ್ಮ ಬಾಯಿ ಬಿಟ್ಟಳು: "ನೀನು ಬಂಗಾರದಂಥೋಳು ಕಣೇ ಸುವೆನ್, ನಿನ್ನ ಮೇಲೆ ಅನುಮಾನ ಇಲ್ಲ. ಆದ್ರೆ ಒಂದು ಸಲ ನೋಡದೆ ನಂಬಿ ನಗ್ತಾ ನಿಂತಿದ್ದೀವಿ. ಈ ಸಲ ಒಳಗೆ ಹೋಗೋದನ್ನ ಕಣ್ಣಾರೆ ನೋಡ್ಬೇಕು."

ಕತ್ತಲೆಯಲ್ಲಿ ತುಂಬುವ ಫಿಲ್ಮನ್ನು ನೋಡಲಾಗದು. ಎಕ್ಸ್‌ರೇ ಫಿಲ್ಮನ್ನು ಕೆಂಪು ದೀಪದಲ್ಲಿ ನೋಡಬಹುದು. ಹೂ ಚೆನ್ನಾಗಿ ಕಾಣುವ ಹಾಳೆ ಬೇಕೇ, ಹಾಳೆಯೇ ಕಾಣುವ ಹಾಳೆ ಬೇಕೇ ಎಂದು ಕೇಳಿದೆ. ಎಲ್ಲರ ಕೈ ಎರಡನೆಯದಕ್ಕೇ ಎದ್ದಿತು. ನನ್ನದೂ ಎದ್ದಿತು.

ಹೂವಿಗೆ ಏನು ಮಾಡುವುದೋ ಇನ್ನೂ ತೋಚಿಲ್ಲ.

ಸುವೆನ್


ಕುನ್‌ಮಿಂಗ್
1 ಮಾರ್ಚ್ 2012

ಡಬ್ಬ ತಲುಪಿತು. ಆ ಫಿಲ್ಮಿಗಾಗಿ ಜನ ಕಾಲು ಹಿಡಿಯುತ್ತಾರೆ. ಗೋದಾಮಿನ ಕಸವೇ ಸರಿ ಎನ್ನುವವರಿಗೆ ನಾನು ಹೇಳುವುದೇನೂ ಇಲ್ಲ. ನಿಮ್ಮ ಇಷ್ಟ.

ಬೊಯಾನ್


ಕುನ್‌ಮಿಂಗ್
28 ಮಾರ್ಚ್ 2012

ಸುವೆನ್,

ನೀನು ಉತ್ತರ ಬರೆಯಲಿಲ್ಲ. ಸರಿಯಾಗೇ ಮಾಡಿದೆ.

ಕೋಪ ಇನ್ನೂ ಇಳಿದಿಲ್ಲ. ಆದರೂ ಹಸಿರು ಬಟ್ಟೆಯಲ್ಲಿ ಹೂ ಮಾಡಿ ನೋಡು. ಎಳೆ ಬಾಳೆ ಎಲೆಯ ಹಸಿರು, ಪಾಚಿಯ ಹಸಿರಲ್ಲ. ಆ ಫಿಲ್ಮಿಗೆ ಹಸಿರೆಂದರೆ ಪ್ರಾಣ, ಕಪ್ಪುಬಿಳುಪಿನಲ್ಲಿ ತಿಳಿಯಾಗಿ ಬರುತ್ತದೆ, ಹಸಿರೆಂದು ಯಾರಿಗೂ ಗೊತ್ತಾಗದು.

ಬೊಯಾನ್


ಬೈಶಾ
3 ಮೇ 2012

ಅಣ್ಣಾ,

ಗೋಡೆಯ ಮೇಲೆ ಇದ್ದಾರೆ! ಕಾವಲುಗಾರನ ನಾಯಿಯ ಪಕ್ಕದಲ್ಲೇ!

ಮೊದಲಿನಿಂದ ಹೇಳುತ್ತೇನೆ. ಏಪ್ರಿಲ್ ಎರಡನೆಯ ವಾರ, ಮೋಡ ಕವಿದ ಒಂದು ಬೆಳಿಗ್ಗೆ, ಎಲ್ಲರನ್ನೂ ನನ್ನ ಕತ್ತಲೆಕೋಣೆಗೆ ಸೇರಿಸಿದೆ. ಇಬ್ಬರು ನಿಲ್ಲುವ ಜಾಗದಲ್ಲಿ ಅಷ್ಟೂ ಜನ ಒತ್ತಿಕೊಂಡು ನಿಂತರು. ಕೆಂಪು ದೀಪ ಹಚ್ಚಿ ಪೊಟ್ಟಣ ಬಿಚ್ಚಿದೆ. ಹಾಳೆ ಎತ್ತಿ ಹಿಡಿದೆ. ಫೆಂಗ್ ದೊಡ್ಡಮ್ಮ ಸೊಂಟದಿಂದ ತನ್ನ ಹಳೆಯ ನೂಲು ಕತ್ತರಿಸುವ ಕತ್ತರಿ ತೆಗೆದಳು. "ಇಲ್ಲಿ ಕೊಡು" ಎಂದು ಒಂದೊಂದು ಹಾಳೆಯ ಅಂಚನ್ನೂ ಚೂರು ಕತ್ತರಿಸಿ ಹಲ್ಲಿನಂಥ ಗುರುತು ಹಾಕಿದಳು. ಕತ್ತಲೆಯಲ್ಲಿ ಬೆರಳಿಗೆ ತಿಳಿಯಲೆಂದು ಕಾರ್ಖಾನೆಯವರು ಫಿಲ್ಮಿನ ಮೂಲೆಗೆ ಹಾಕುವ ಕಚ್ಚಿನ ವಿಷಯ ಅವಳಿಗೆ ಗೊತ್ತೇ ಇಲ್ಲ. ನೂಲಿನ ಉಂಡೆ ಯಾರದೆಂದು ತಿಳಿಯಲು ಇವರು ಹೀಗೇ ಗುರುತು ಮಾಡುತ್ತಿದ್ದರಂತೆ.

ಎರಡು ಹೋಲ್ಡರ್ ತುಂಬಿದೆವು. ಮೂರನೆಯದಕ್ಕೆ ಇಟ್ಟಿದ್ದ ಹಾಳೆಗಳು ಕತ್ತರಿಸುವಾಗಲೇ ಗೀರಿಹೋಗಿದ್ದವು. ಮೂರನೆಯ ಹೋಲ್ಡರ್ ಖಾಲಿ ಎಂದು ಎಲ್ಲರಿಗೂ ತೋರಿಸಿ ಬದಿಗಿಟ್ಟೆ. ಅದನ್ನೂ ಗೇಟಿನವರೆಗೆ ಯಾಕೆ ಹೊತ್ತುಕೊಂಡು ಹೋದೆನೋ, ಗುರುಗಳ ಬೈಗುಳ ನನಗೆ ಸಲ್ಲಬೇಕು.

ಹಸಿರು ಹೂ ಸಿಕ್ಕಿಸಿಕೊಂಡು ಮೂರು ಸಾಲಿನಲ್ಲಿ ನಿಂತರು. ದೂರದಿಂದ ಸೊಪ್ಪಿನ ಅಂಗಡಿಯ ಹಾಗೆ ಕಾಣುತ್ತಿದ್ದರು. ಎರಡನೆಯ ಸಾಲಿನಲ್ಲಿ ಅಮ್ಮ ನಿಂತಿದ್ದ ಜಾಗವನ್ನು ಬಿಟ್ಟೇ ನಿಂತಿದ್ದರು, ನಾನು ಹೇಳಿರಲಿಲ್ಲ. ಕಪ್ಪು ಬಟ್ಟೆಯೊಳಗೆ ಸ್ವಲ್ಪ ಹೆಚ್ಚು ಹೊತ್ತೇ ಇದ್ದೆ. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ನಾಲ್ಕು ಹಾಳೆಯನ್ನೂ ಅವರಿಗೇ ಕೊಟ್ಟೆ. ಮುಚ್ಚಳ ತೆಗೆದಷ್ಟು ಹೊತ್ತೂ ಒಬ್ಬಳ ರೆಪ್ಪೆಯೂ ಅಲುಗಲಿಲ್ಲ. ನಿಲ್ಲುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಗ ಗಾವ್ ಬಂದ. ಕೋಟು ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಪತ್ರಿಕೆಯವನನ್ನು ಕರೆದುಕೊಂಡು. "ಏನಜ್ಜೀ, ನನ್ನ ಬಿಟ್ಟೇ ತೆಗೀತಿದ್ದೀರಾ? ನಾನಲ್ವಾ ನಿಮಗೆ ಅವಕಾಶ ಕೊಟ್ಟಿದ್ದು?" ಎಂದು ಮುಂದಿನ ಸಾಲಿನ ನಡುವೆ ಕುರ್ಚಿ ಎಳೆದುಕೊಂಡ.

ನನ್ನ ಬಳಿ ಹಾಳೆ ಉಳಿದಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಮ್ಮ ಬಲು ಮರ್ಯಾದೆಯಿಂದ, "ನೂಲಿನವರದು ಮೊದಲು ಆಯ್ತಲ್ಲ ಸಾರ್. ನಿಮ್ದು ಎರಡನೇದು" ಎಂದಳು. ನನ್ನ ಕಡೆ ನೋಡಿದಳು. ಆಮೇಲೆ ಕಾಲಬಳಿ ಇದ್ದ ಮೂರನೆಯ ಹೋಲ್ಡರಿನ ಕಡೆ ನೋಡಿದಳು.

ಅಣ್ಣಾ, ನೀನು ಹೇಳಿದ ಒಂದು ಮಾತನ್ನು ಮೀರಿದೆ. ಖಾಲಿ ಹೋಲ್ಡರನ್ನೇ ಕ್ಯಾಮೆರಾಕ್ಕೆ ತೂರಿಸಿ, ತಗಡು ಎಳೆದು, ಮುಚ್ಚಳ ತೆಗೆದೆ. ಅಲ್ಲಿದ್ದ ಅಷ್ಟೂ ಹೆಂಗಸರಿಗೆ ಒಳಗೆ ಏನೂ ಇಲ್ಲವೆಂದು ಗೊತ್ತು. ಗೊತ್ತಿದ್ದೇ ಅವನ ಸುತ್ತ ನಿಂತು ನಕ್ಕರು. ಅಷ್ಟು ಚೆಂದದ ನಗು ನಾನು ತೆಗೆದ ಯಾವ ಫೋಟೋದಲ್ಲೂ ಬಂದಿಲ್ಲ. ಇದರಲ್ಲೂ ಬರಲಿಲ್ಲ.

ಚಿತ್ರ ಒಣಗಿದ ದಿನ ದೊಡ್ಡಮ್ಮ ಬಂದಳು. ಮೊದಲು ತನ್ನ ಮುಖ ಹುಡುಕಲಿಲ್ಲ. ಅಂಚಿನಲ್ಲಿ ಬೆರಳಾಡಿಸಿ, ಫಿಲ್ಮಿನಿಂದ ಕಾಗದಕ್ಕೆ ಮೂಡಿದ ಆ ಹಲ್ಲಿನ ಗುರುತು ಹುಡುಕಿದಳು. ಇತ್ತು. "ಇದ್ದದ್ದು ಇದೇ ಹಾಳೆ" ಎಂದಳು. ಕೂತುಕೊಂಡು ಅತ್ತಳು. ಆಮೇಲೆ ತನ್ನ ಮೂಗು ದಪ್ಪ ಬಂದಿದೆಯೆಂದು ನನ್ನನ್ನು ಬೈದಳು.

ಕ್ಯಾಮೆರಾ ನಿನಗೆ ವಾಪಸ್ ಕಳಿಸೋಣವೆಂದು ಮಡಿಸುತ್ತಿದ್ದೆ. ಅಡಿ ಹಲಗೆಯ ಒಳಗೆ ನಿನ್ನ ಕೈಬರಹ: "ನನ್ನದು. ಮಾರುವುದಕ್ಕಲ್ಲ. ವಯಸ್ಸಾದ ಮೇಲೆ ಹಿಮದ ಬೆಟ್ಟಗಳಿಗೆ." ಗಿರಾಕಿ ಬಿಟ್ಟುಹೋದದ್ದಂತೆ! ಮೀನಿನ ಅಡಿಯ ಫಿಲ್ಮೂ ಆ ಬೆಟ್ಟಗಳಿಗೇ ಇಟ್ಟದ್ದು, ಅಲ್ಲವೇ? ಕುರುಡ ಎಂದು ಬೈದದ್ದು ನಿನ್ನನ್ನೇ ಎಂದು ತಿಳಿದು ನಾಚಿಕೆಯಾಯಿತು. ರೈಲಿಗೆ ಹಾಕುವುದಿಲ್ಲ, ನಾನೇ ಹೊತ್ತುಕೊಂಡು ಬರುತ್ತೇನೆ. ಭುಜದ ಮಾತು ಎತ್ತಿದರೆ ಅಲ್ಲೇ ಇಳಿಸಿ ಬರುತ್ತೇನೆ.

ಉದ್ಘಾಟನೆಯ ದಿನ ಪ್ರಾಂತ್ಯದ ರಾಜಧಾನಿಯಿಂದ ಬಂದ ಅತಿಥಿ ಎರಡೂ ಚಿತ್ರಗಳ ಮುಂದೆ ನಿಂತು, ನಮ್ಮದನ್ನು ತೋರಿಸಿ, "ಆ ಕೆಂಪು ಹೂಗಳು ಎಷ್ಟು ಚೆನ್ನಾಗಿ ಬಂದಿವೆ!" ಎಂದ. ಹಿಂದೆ ನಿಂತಿದ್ದವರು ಒಬ್ಬರನ್ನೊಬ್ಬರು ಚಿವುಟಿಕೊಂಡರು.

ಜನ ಕರಗಿದಮೇಲೆ ಗಾವ್ ನನ್ನ ಹತ್ತಿರ ಬಂದ. ನಗುತ್ತಲೇ ಕೇಳಿದ, "ಅಲ್ಲಮ್ಮಾ, ನಾನಿದ್ದ ಆ ಎರಡನೇ ಫೋಟೋ ಏನಾಯ್ತು?"

ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಅಷ್ಟೂ ಜನ ಒಂದೇ ದನಿಯಲ್ಲಿ ಹೇಳಿದರು:

"ಫಿಲ್ಮ್ ಹಾಳಾಯ್ತಂತೆ ಸಾರ್. ಆಫೀಸಿನ ಕಿಟಕಿ ಹತ್ರ ಹೋಗಿ ಕೇಳಿ."

ನಿನ್ನ ತಂಗಿ,
ಸುವೆನ್